ವಿಮಾನದ ಹೊಟ್ಟೆಯೊಳಗೆ ಅಜ್ಜಿಯ ಹೆಸರು

"ಗುಜರಿಗೆ ಓಯ್ತು ಕಣಯ್ಯ ನಿನ್ನ ವಿಮಾನ! ಗುಜರಿಗೆ! ಅದನ್ನ ಕರಗಿಸಿ ತಟ್ಟೆ ಲೋಟ ಮಾಡ್ಕೊಂಡು ಜನ ಉಣ್ತಾವ್ರೆ!"

"ಬಾಯಿ ಮುಚ್ಚು ಭಾವ! ನೀನು ಕಂಡಿದ್ದೀಯಾ?"

"ನೀನು ಕಂಡಿದ್ದೀಯೇನಯ್ಯ, ಅದು ಹಾರಿದ್ದ?"

ಉತ್ತರ ಇಲ್ಲದಾಗ ಅಪ್ಪನಿಗೆ ಸಿಟ್ಟು ಎರಡರಷ್ಟು. ಸುತ್ತಿಗೆ ಎತ್ತಿ ತಗಡಿನ ಮೇಲೆ ಢಣ್ ಎಂದು ಹೊಡೆದ. ಆ ತಗಡಿನ ಕೊಳವೆಯೊಳಗೆ ಕೈ ತೂರಿಸಿ ಕೂತಿದ್ದ ನೀಲಿಯ ಕಿವಿ ಗುಯ್ ಎಂದಿತು.

"ಕೂಸಿನ ಕೈ ಒಳಗೈತೆ, ನೋಡ್ಕೊಂಡು ಹೊಡಿ!" ಎಂದು ಚನ್ನಬಸವಣ್ಣ ಮಾವ ಕೂಗಿದ.

"ನನ್ನ ಮಗಳ ಕೈ ಎಲ್ಲೈತೆ ಅಂತ ನನಗೆ ಗೊತ್ತು!"

ನಿಜವಾಗಿ ಗೊತ್ತಿತ್ತು. ನೀಲಿ ದಿನಾ ಸ್ಕೂಲು ಬಿಟ್ಟ ಮೇಲೆ ಅಪ್ಪನ ಶೆಡ್ಡಿನಲ್ಲಿ ಈ ಕೆಲಸ ಮಾಡುತ್ತಿದ್ದಳು. ಹುಣಸೂರಿನ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರು ಸೊಪ್ಪು ಒಣಗಿಸಲು ಬ್ಯಾರನ್ ಕಟ್ಟಿಸುತ್ತಿದ್ದರು. ಎತ್ತರದ ಮಣ್ಣಿನ ಗೋಡೆಯ ಮನೆ ಅದು. ಒಳಗೆ ಬಿಸಿ ಹರಿಯಲು ತಗಡಿನ ಕೊಳವೆ ಬೇಕು. ತಗಡಿನ ಅಂಚುಗಳನ್ನು ಬೆಸೆಯಲು ಆ ಕೊಳವೆಗೆ ರಿವೆಟ್ ಎಂಬ ಮೊಳೆ ಹೊಡೆಯಬೇಕು. ರಿವೆಟ್ ಹೊಡೆಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಹೊರಗಿನಿಂದ ಒಬ್ಬರು ಹೊಡೆಯುತ್ತಾರೆ. ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯುತ್ತಾರೆ. ಒಳಗಿನವರ ಕೈ ಒಂಚೂರು ಅಲುಗಿದರೂ ರಿವೆಟ್ ಸೊಟ್ಟ.

ನೀಲಿಯ ಕೈ ಅಲುಗುತ್ತಿರಲಿಲ್ಲ. ಅಪ್ಪನೇ ಕಲಿಸಿದ್ದು. ಅಪ್ಪ ಕಲಿತದ್ದು ಬೆಂಗಳೂರಿನಲ್ಲಿ, ವಿಮಾನದ ಕಾರ್ಖಾನೆಯಲ್ಲಿ.

ಜಗಳ ಇದ್ದದ್ದೇ ಆ ಕಾರ್ಖಾನೆಯ ಮಾತಿಗೆ.

ದೊಡ್ಡ ಲಡಾಯಿ ಮುಗಿದ ಮೇಲೆ ಆ ಕಾರ್ಖಾನೆಗೆ ಮುರಿದ ಬಾಂಬರ್ ವಿಮಾನಗಳು ರಿಪೇರಿಗೆ ಬಂದವು. ಅಪ್ಪ ಆಗ ಕಡ್ಡಿಯ ಹಾಗೆ ತೆಳ್ಳಗಿದ್ದ. ಅದಕ್ಕೇ ಅವನನ್ನು ವಿಮಾನದ ಹೊಟ್ಟೆಯೊಳಗೆ ತೂರಿಸಿ, ಕಬ್ಬಿಣದ ತುಂಡು ಹಿಡಿಯಲು ಹಚ್ಚಿದರು. ಒಂದು ವಿಮಾನದ ಹೊಟ್ಟೆಯಲ್ಲಿ ಆಳು ನುಗ್ಗುವಷ್ಟು ದೊಡ್ಡ ತೂತು. ಅದಕ್ಕೆ ಹೊಸ ತಗಡು ಕೂರಿಸಿದರು. ಕೂರಿಸಿ ಮುಗಿದ ಮೇಲೆ ಅಪ್ಪ ಒಳಗೇ ಕೂತು, ಒಂದು ಉಳಿ ತೆಗೆದುಕೊಂಡು, ಆ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ತನ್ನ ತಾಯಿಯ ಹೆಸರು ಹಾಕಿದ. ಮನೆಯ ಚೊಂಬು, ಹಂಡೆಗಳ ಮೇಲೆ ಹಾಕಿಸುತ್ತಾರಲ್ಲ, ಹಾಗೆಯೇ.

ಪುಟ್ಟಮಲ್ಲಮ್ಮ.

ಇನ್‌ಸ್ಪೆಕ್ಟರು ಕೆಲಸ ಸರಿಯಾಗಿದೆಯಾ ಎಂದು ಟಾರ್ಚು ಬಿಟ್ಟು ನೋಡಿದಾಗ ಆ ಹೆಸರು ಸಿಕ್ಕಿತು. "ಇದೇನು ನಿಮ್ಮ ಮನೆ ಕೊಡಪಾನವಾ? ತಗಡಿಗೆ ಹೀಗೆ ಕುಟ್ಟಿದರೆ ಮೇಲೆ ಹೋದಾಗ ಸೀಳಿ ಹೋಗುತ್ತೆ!" ಎಂದು ಕೂಗಾಡಿದರು. ಅಪ್ಪನೂ ಕೂಗಾಡಿದ. ಉಳಿಯನ್ನು ಅಲ್ಲೇ ಎಸೆದು ಊರಿಗೆ ಬಂದ. ಆಗ ನೀಲಿ ಇನ್ನೂ ತೊಟ್ಟಿಲಲ್ಲಿದ್ದಳು.

ಆ ವಿಮಾನ ಏನಾಯಿತು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. "ಹಾರಿರ್ತದೆ" ಎಂದು ಅಪ್ಪ ಹೇಳುತ್ತಿದ್ದ. "ನಿನ್ನ ತೂತಿನ ದೆಸೆಯಿಂದ ಗುಜರಿಗೆ ಹಾಕಿರ್ತಾರೆ" ಎಂದು ಮಾವ ಹೇಳುತ್ತಿದ್ದ.

"ತೂತಲ್ಲ, ಚುಕ್ಕಿ!" ಎಂದು ಅಪ್ಪ ಈಗಲೂ ಕಿರುಚಿದ.

ಅವ್ವ ಬಾಗಿಲಿಗೆ ಬಂದು ನಿಂತಳು. "ಅಣ್ಣಯ್ಯ, ಜಗಳ ಮುಗಿದಿದ್ರೆ ಮುದ್ದೆ ಇಕ್ತೀನಿ, ಇಬ್ರೂ ಏಳಿ."

ಇಬ್ಬರೂ ಎದ್ದರು. ಊಟಕ್ಕೆ ಮಾತ್ರ ಅವರಿಬ್ಬರೂ ಯಾವತ್ತೂ ಜಗಳವಾಡುತ್ತಿರಲಿಲ್ಲ.

ಮನೆಯಲ್ಲಾದರೆ ಹೋಗಲಿ, ಸ್ಕೂಲಿನಲ್ಲೂ ಇದೇ ಗೋಳು. ಹುಣಸೂರಿನ ಮೇಲೆ ಯಾವಾಗಾದರೂ ಒಂದು ವಿಮಾನ ಹೋದರೆ ಪುಟ್ಟಮಲ್ಲಜ್ಜಿ ಹಣೆಗೆ ಕೈ ಅಡ್ಡ ಹಿಡಿದು, "ನಮ್ದೇ ಏನೋ" ಎನ್ನುತ್ತಿದ್ದಳು. ಬಾವಿಕಟ್ಟೆಯಲ್ಲಿ ಹೆಂಗಸರು ಸೆರಗು ಮುಚ್ಚಿ ನಗುತ್ತಿದ್ದರು. ಆ ನಗು ಮಕ್ಕಳ ಬಾಯಿಗೆ ಬಂದು, ಮಕ್ಕಳಿಂದ ಕ್ಲಾಸಿಗೆ ಬಂತು.

"ಲೇ ನೀಲಿ, ನಿಮ್ಮಜ್ಜಿ ವಿಮಾನ ಎಲ್ಲೇ? ಹಟ್ಟೀಲಿ ಕಟ್ಟಾಕಿದ್ದೀರಾ?" ಎಂದು ಕಂಠಪ್ಪ ಕೇಳಿದ.

"ಹುಲ್ಲು ತಿಂತದಾ, ಹಿಂಡಿ ತಿಂತದಾ?" ಎಂದ ಇನ್ನೊಬ್ಬ.

ನೀಲಿ ಸ್ಲೇಟು ಎತ್ತಿದಳು. ಹೊಡೆಯುವ ಮೊದಲೇ ಗೆಳತಿ ಅಕ್ತರುನ್ನೀಸಾ ಅವಳ ಕೈ ಹಿಡಿದುಕೊಂಡಳು.

"ಬುಡಮ್ಮಿ, ಸ್ಲೇಟು ಒಡೆದೋಗ್ತದೆ" ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು, "ನಮ್ಮ ನಜೀರ್ ಮಾಮೂ ರಜಾ ಮೇಲೆ ಬಂದವ್ರೆ. ಪಿರಿಯಾಪಟ್ಟಣದಾಗೆ ಅವ್ರೆ. ಏರ್‌ಫೋರ್ಸು. ಪೂನಾದಲ್ಲಿ ಬಾಂಬರ್ ರಿಪೇರಿ ಅವ್ರ ಕೆಲಸ. ಕೇಳಾನ?"

ನೀಲಿಗೆ ಆವತ್ತು ಪಾಠ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಸಂಜೆ ಅಪ್ಪನಿಗೆ ಹೇಳಿದಳು. ಅಪ್ಪ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ಸಾಕ್ಷಿ ಕೇಳ್ಕೊಂಡು ಊರೂರು ತಿರುಗ್ಲಾ ನಾನು? ನಾನು ಮಾಡಿದ ಕೆಲಸ ನನಗೆ ಗೊತ್ತು. ಹೋಗೇ, ಓದ್ಕೋ ಹೋಗು."

"ಅಪ್ಪ, ಒಂದ್ಸಲ—"

"ಇಲ್ಲ ಅಂದ್ರೆ ಇಲ್ಲ!"

ನೀಲಿ ಅಳುತ್ತಾ ಹಿತ್ತಿಲಿಗೆ ಹೋದಳು. ಅಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ಚೊಂಬು ತಿಕ್ಕುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವ್ನು ಬರಾಕಿಲ್ಲ ಅಂದ್ರೆ ಬುಡು. ನಾನು ಬತ್ತೀನಿ" ಎಂದಳು ಅಜ್ಜಿ. "ಎಸ್ರು ನಂದಲ್ವಾ?"

ಭಾನುವಾರ ಬೆಳಿಗ್ಗೆ ಮೂವರೂ ಪಿರಿಯಾಪಟ್ಟಣದ ಬಸ್ಸು ಹತ್ತಿದರು. ಅಜ್ಜಿ, ನೀಲಿ, ಅಕ್ತರ್. ಅವ್ವನಿಗೆ ಗೊತ್ತಿತ್ತು. ಅಪ್ಪನಿಗೆ ಹೇಳಲಿಲ್ಲ.

ಅಜ್ಜಿಯ ಮಡಿಲಲ್ಲಿ ಆ ಹಿತ್ತಾಳೆ ಚೊಂಬು ಇತ್ತು. ಅವಳ ಮದುವೆಗೆ ತವರಿನವರು ಕೊಟ್ಟದ್ದು. ಕೊರಳಿನ ಕೆಳಗೆ ಚುಕ್ಕಿಗಳಲ್ಲಿ ಅವಳ ಹೆಸರು.

"ಅಜ್ಜಿ, ಅದನ್ನ ಕೆಳಗಿಡಿ, ಇನ್ನೊಬ್ರು ಕೂರಬೇಕು" ಎಂದ ಕಂಡಕ್ಟರು.

"ಇದೂ ಕುಂತ್ಕೊಂಡೇ ಬರ್ಬೇಕು ಕಣಪ್ಪ. ಬೇಕಾದ್ರೆ ಇದಕ್ಕೂ ಟಿಕೇಟು ಅರಿ."

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರು ಸುಮ್ಮನೆ ಮುಂದೆ ಹೋದ.

"ಚೊಂಬು ಯಾಕಜ್ಜಿ?" ಎಂದು ನೀಲಿ ಕೇಳಿದಳು.

"ನಿಮ್ಮಪ್ಪ ಅಕ್ಷರ ಕುಟ್ಟೋದು ಕಲ್ತಿದ್ದೇ ಇದನ್ನ ನೋಡ್ಕೊಂಡು. ಸಣ್ಣೋನಾಗಿದ್ದಾಗ ನಮ್ಮನೆ ಪಾತ್ರೆ ಒಂದೂ ಬುಡ್ಲಿಲ್ಲ ಅವ್ನು. ಸೌಟಿಗೂ ನನ್ನ ಎಸ್ರು ಹಾಕ್ದ." ಅಜ್ಜಿ ಚೊಂಬನ್ನು ಸವರಿದಳು. "ಮದುವೆ ಮನೆಗೆ ಪಾತ್ರೆ ಕೇಳಿ ಇಸ್ಕೊಂಡು ಓಗ್ತಾರಲ್ಲ, ಎಸ್ರು ಇದ್ರೆ ತಾನೇ ಅದು ತಿರುಗಿ ಮನೆಗೆ ಬರೋದು? ವಿಮಾನವೂ ಅಂಗೇ, ಅಷ್ಟು ದೂರ ಓಗ್ತದೆ, ತಿರುಗಿ ಬರಬೇಕಲ್ಲವ್ವ ಅಂದ. ಅದಕ್ಕೇ ಹಾಕ್ದೆ ಅಂದ."

ನೀಲಿಗೆ ಇದು ಹೊಸ ವಿಷಯ. ಅಪ್ಪ ಈ ಮಾತನ್ನು ಜಗಳದಲ್ಲಿ ಯಾವತ್ತೂ ಹೇಳಿರಲಿಲ್ಲ.

ಬಸ್ಸು ದಿಬ್ಬ ಹತ್ತುವಾಗ ನೀಲಿಗೆ ಭಯ ಶುರುವಾಯಿತು. ಮಾವ ಹೇಳಿದ್ದೇ ನಿಜವಾದರೆ? ಆ ಮಾಮೂ, "ಹೌದು, ಗುಜರಿಗೆ ಹಾಕಿದರು" ಅಂದುಬಿಟ್ಟರೆ? ಆಮೇಲೆ ಮನೆಗೆ ಹೋಗಿ ಅಪ್ಪನ ಮುಖ ನೋಡುವುದು ಹೇಗೆ?

"ಅಜ್ಜಿ, ವಾಪಸ್ ಹೋಗಾನ" ಎಂದಳು.

"ಯಾಕೆ ಕೂಸೆ?"

"ಗುಜರಿಗೆ ಹೋಗಿದ್ರೆ?"

"ಓಗಿದ್ರೆ ಓಗಿರ್ಲಿ. ಗೊತ್ತಿರ್ಬೇಕು ಅಷ್ಟೆ." ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತಳು. ಆದರೆ ಸೆರಗಿನ ತುದಿಯಿಂದ ಚೊಂಬನ್ನು ಮತ್ತೆ ಮತ್ತೆ ಒರೆಸತೊಡಗಿದಳು.

ನಜೀರ್ ಮಾಮೂ ಜಗಲಿಯ ಮೇಲೆ ಬನಿಯನ್ ಹಾಕಿಕೊಂಡು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದರು. ಏರ್‌ಫೋರ್ಸು ಅಂದರೆ ಬೂಟು, ಟೋಪಿ ಅಂತೆಲ್ಲ ನೀಲಿ ಅಂದುಕೊಂಡಿದ್ದಳು. ಇವರು ನೋಡಿದರೆ ಅಪ್ಪನ ಹಾಗೆಯೇ ಇದ್ದರು. ಉಗುರಿನ ಸಂದಿಯಲ್ಲಿ ಗ್ರೀಸು.

"ಬನ್ನಿ ಅಜ್ಜಿ, ಕುಂತ್ಕೊಳಿ" ಎಂದು ಚಾಪೆ ಹಾಸಿದರು.

ನೀಲಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಡುವೆ ಉಸಿರು ಸಾಲದೆ ಒಂದು ಸಲ ಕೆಮ್ಮಿದಳು.

"ನಾಲ್ಕು ಎಂಜಿನ್ನಿಂದು, ಅಲ್ವಾ? ದಪ್ಪ ಹೊಟ್ಟೆ? ಬಾಲದಲ್ಲಿ ಎರಡು ರೆಕ್ಕೆ ನೆಟ್ಟಗೆ ನಿಂತಿರ್ತವೆ?" ಎಂದು ಮಾಮೂ ಕೇಳಿದರು.

"ಹೂಂ! ಅಪ್ಪ ಹಾಗೇ ಹೇಳ್ತಾನೆ!"

"ಅಂಥವು ನಮ್ಮಲ್ಲಿ ಬೇಕಾದಷ್ಟಿವೆಯಲ್ಲಮ್ಮ. ಎಲ್ಲವೂ ಬೆಂಗಳೂರಿಂದ ರಿಪೇರಿ ಆಗಿ ಬಂದಿದ್ದೇ. ಅದರಲ್ಲಿ ನಿಮ್ಮದು ಯಾವುದು ಅಂತ ಹೇಗೆ ಹೇಳ್ಲಿ?"

ಆಗ ಅಜ್ಜಿ ಚೊಂಬನ್ನು ಅವರ ಮುಂದಿಟ್ಟಳು. "ಅದರೊಳಗೆ ಹಿಂಗೆ ಬರ್ದೈತಾ ನೋಡಪ್ಪ."

ಮಾಮೂ ಚೊಂಬನ್ನು ಎತ್ತಿಕೊಂಡರು. ನೋಡಿದರು. "ನನಗೆ ಕನ್ನಡ ಓದೋಕೆ ಬರಲ್ಲ ಅಜ್ಜಿ. ಉರ್ದು ಸ್ಕೂಲು ನಂದು" ಎಂದರು.

ಚೊಂಬನ್ನು ವಾಪಸ್ ಕೊಡಲು ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಅವರ ಹೆಬ್ಬೆಟ್ಟು ಚುಕ್ಕಿಗಳ ಮೇಲೆ ಇತ್ತು.

ಮಾಮೂ ಕಣ್ಣು ಮುಚ್ಚಿಕೊಂಡರು. ಹೆಬ್ಬೆಟ್ಟು ಮೆಲ್ಲಗೆ ಸರಿಯಿತು. ಮೊದಲ ಅಕ್ಷರ, ಎರಡನೆಯ ಅಕ್ಷರ, ಕೆಳಗೆ ಇಳಿಬಿದ್ದ ಒತ್ತು, ಮತ್ತೆ ಮೇಲೆ. ಕೊನೆಯ ಅಕ್ಷರ ಬರುವ ಮೊದಲೇ ಹೆಬ್ಬೆಟ್ಟು ಅತ್ತ ಕಡೆ ತಿರುಗಿತು, ಅಲ್ಲೇನಿದೆ ಅಂತ ಮೊದಲೇ ಗೊತ್ತಿದ್ದ ಹಾಗೆ.

"ಯಾ ಅಲ್ಲಾ!" ಎಂದರು. "ಇದು ಅಮ್ಮ!"

"ಯಾವಮ್ಮ?" ಎಂದಳು ನೀಲಿ.

"ಆ ವಿಮಾನದ ಹೆಸರೇ ಅಮ್ಮ ಅಂತ! ನಾವೆಲ್ಲ ಕರೆಯೋದು ಹಾಗೇ!" ಮಾಮೂ ಎದ್ದು ನಿಂತೇಬಿಟ್ಟರು. "ಒಳಗೆ ಕತ್ತಲು. ಕೆಲಸ ಮಾಡುವಾಗ ಕೈಗೆ ಸಿಗ್ತಿತ್ತು ಇದು. ಇದೇ ಚುಕ್ಕಿ, ಇದೇ ಅಕ್ಷರ. ಮದ್ರಾಸಿನವನೊಬ್ಬ ಬಂದು ಇದು ತೆಲುಗು ಅಂದ. ತೆಲುಗಿನವನು ಬಂದು ಇಲ್ಲ, ಇದು ಕನ್ನಡ ಅಂದ. ನನ್ನನ್ನ ಕರೆದ್ರು, ನೀನು ಮೈಸೂರಿನೋನು, ಓದು ಅಂತ. ಕೊನೇಲಿರೋ 'ಮ್ಮ' ಅನ್ನೋದು ಬಸ್ಸಿನ ಬೋರ್ಡಲ್ಲಿ, ಅಂಗಡಿ ಬೋರ್ಡಲ್ಲಿ ನೋಡಿದ್ದೆ. ಯಾವುದೋ ಅಮ್ಮನವರ ಹೆಸರು, ದೇವರು, ಅಂದ್ಬುಟ್ಟೆ!"

ಅಕ್ತರ್ ಬಿದ್ದು ಬಿದ್ದು ನಕ್ಕಳು. ಅಜ್ಜಿ ನಗಲಿಲ್ಲ. ಬಾಯಿ ತೆರೆದುಕೊಂಡು ಕೂತಿದ್ದಳು.

"ಆವತ್ತಿಂದ ಎಲ್ಲರೂ ಅದನ್ನ ಮುಟ್ಟಿಯೇ ಮೇಲೆ ಹಾರೋದು. ಪೈಲಟ್ಟು ಸರ್ದಾರ್ಜಿ, ಅವರೂ ಮುಟ್ತಾರೆ."

"ನನ್ನ ಮುಟ್ತಾನಾ ಸರ್ದಾರ!" ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಈಗ ಸೆರಗಿನೊಳಗಿಂದ ನಗು ಬಂತು. "ಅಯ್ಯೋ, ಅವ್ನ ಮನೆ ಚೆನ್ನಾಗಿರ್ಲಿ!"

ನಗು ನಿಂತ ಮೇಲೆ ಅಜ್ಜಿ ಕೇಳಿದಳು. "ಅದು ಉಟ್ಟಿದ್ದು ಎಲ್ಲಪ್ಪ? ಏನೇನು ಮಾಡ್ತು? ಎಲ್ಲಾ ಏಳು."

ಮಾಮೂ ಹೇಳಿದರು. ಅದು ಹುಟ್ಟಿದ್ದು ಅಮೆರಿಕಾದಲ್ಲಿ. ಲಡಾಯಿ ಕಾಲದಲ್ಲಿ ಬ್ರಿಟಿಷರು ಅದನ್ನ ಬರ್ಮಾ ಕಡೆಗೆ ಹಾರಿಸುತ್ತಿದ್ದರು. ಒಂದು ಸಲ ಹೋಗಿ ಬಂದರೆ ಮೂತಿಯ ಪಕ್ಕ ಒಂದು ಪುಟ್ಟ ಬಾಂಬಿನ ಚಿತ್ರ ಬರೆಯುತ್ತಿದ್ದರು. ಪೂನಾದಲ್ಲಿ ಹಳೇ ಬಣ್ಣ ಕೆರೆದಾಗ ಆ ಚಿತ್ರಗಳು ಸಾಲು ಸಾಲಾಗಿ ಹೊರಗೆ ಬಂದವು. ಅದರ ಕೆಳಗೆ ಇನ್ನೊಂದು ಬಣ್ಣ, ಅದರ ಕೆಳಗೆ ಮತ್ತೊಂದು.

"ಲಡಾಯಿ ಮುಗೀತು. ಕಾನ್ಪುರದ ಬಯಲಲ್ಲಿ ತಂದು ನಿಲ್ಲಿಸಿದ್ರು. ಹೋಗುವಾಗ ಬೇರೆ ಯಾರೂ ಹಾರಿಸಬಾರದು ಅಂತ ಕೊಡಲೀಲಿ ಕಡಿದು, ಎಂಜಿನ್ನಿಗೆ ಮರಳು ಸುರಿದು ಹೋದ್ರು."

"ಯಾರಪ್ಪ ಅಂಥ ಕೆಲಸ ಮಾಡಿದೋರು?"

"ಹಾರಿಸಿದೋರೇ ಅಜ್ಜಿ."

ಅಜ್ಜಿ ಚೊಂಬನ್ನು ಮಡಿಲಿಗೆ ಎಳೆದುಕೊಂಡಳು. ನೀಲಿ ಮನಸ್ಸಿನಲ್ಲೇ ಆ ತೂತನ್ನು ನೋಡಿದಳು. ಆಳು ನುಗ್ಗುವಷ್ಟು ದೊಡ್ಡದು. ಅದನ್ನು ಮುಚ್ಚಲು ಒಳಗೆ ಕತ್ತಲಲ್ಲಿ ಬೆನ್ನು ಬಗ್ಗಿಸಿ ಕೂತ ಅಪ್ಪ.

"ಆ ಹೆಸರು ಹಾಕಿದ್ದಕ್ಕೆ ತಗಡು ಸೀಳಲಿಲ್ವಾ?" ಎಂದು ಕೇಳಿದಳು.

"ಹೊರಗಡೆಯಿಂದ ಇನ್ನೊಂದು ತಗಡು ಕೊಟ್ಟು ಭದ್ರ ಮಾಡವ್ರೆ. ಬೆಂಗಳೂರಲ್ಲೇ ಮಾಡಿ ಕಳಿಸವ್ರೆ. ಒಳಗಿನ ಅಕ್ಷರ ಮಾತ್ರ ಹಾಗೇ ಬಿಟ್ಟವ್ರೆ."

"ಈಗ ಏನ್ಮಾಡ್ತದೆ ಅದು?" ಎಂದಳು ಅಜ್ಜಿ.

"ಸಮುದ್ರದ ಮೇಲೆ ಗಸ್ತು. ಬೆಳಿಗ್ಗೆ ಹೋದ್ರೆ ಸಂಜೆಗೇ ಬರೋದು. ಹೋದ ಮಳೆಗಾಲದಲ್ಲಿ ಬಿರುಗಾಳಿಗೆ ಸಿಕ್ಕಿ ಮೀನಿನೋರ ದೋಣಿಯೊಂದು ತಪ್ಪಿಸಿಕೊಂಡಿತ್ತು. ಹುಡುಕಿ ತೋರಿಸಿದ್ದು ಅಮ್ಮನೇ."

ಅಜ್ಜಿ ಮೆಲ್ಲಗೆ, "ಅದು ಯಾರನ್ನಾದ್ರೂ ಕೊಂದೈತಾ ಮಗ?" ಎಂದಳು.

ಮಾಮೂ ಅಂಗೈಗೆ ಹತ್ತಿದ್ದ ಗ್ರೀಸನ್ನು ಉಜ್ಜಿಕೊಂಡರು.

"ಬರ್ಮಾದಲ್ಲಿ ಕೊಂದಿರ್ಬೋದು ಅಜ್ಜಿ. ಸುಳ್ಳು ಯಾಕೆ ಹೇಳ್ಲಿ? ನಿಮ್ಮ ಹೆಸರು ಹಾಕಿದ ಮೇಲೆ ಇಲ್ಲ."

ಅಜ್ಜಿ ತಲೆಯಾಡಿಸಿದಳು. ಅಕ್ತರಳ ಅಜ್ಜಿ ಒಳಗಿಂದ ಬಾಳೆಹಣ್ಣು, ಬೆಲ್ಲ ತಂದಿಟ್ಟರು. ಪುಟ್ಟಮಲ್ಲಜ್ಜಿ ಎರಡು ಬಾಳೆಹಣ್ಣು ತಿಂದಳು. ಮಾಮೂಗೆ ತನ್ನ ಹೆಸರನ್ನು ಪೂರ್ತಿ ಹೇಳಿಕೊಟ್ಟಳು. ಅವರು ಬಾಯಿಪಾಠ ಮಾಡಿದರು. ಪುಟ್ಟಮಲ್ಲಮ್ಮ, ಪುಟ್ಟಮಲ್ಲಮ್ಮ. "ಪೂನಾಕ್ಕೆ ಹೋಗಿ ಎಲ್ಲರಿಗೂ ಹೇಳ್ತೀನಿ" ಎಂದರು.

"ಬದುಕವ್ಳೆ ಅಂತ್ಲೂ ಏಳು" ಎಂದಳು ಅಜ್ಜಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ನೆಟ್ಟಗೆ ಕೂತಿದ್ದಳು. ನೀಲಿ ಕಾಲು ಕುಣಿಸುತ್ತಾ ಕೂತಿದ್ದಳು. ಮಾವನಿಗೆ ಹೇಗೆ ಹೇಳಬೇಕು, ಕಂಠಪ್ಪನಿಗೆ ಹೇಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಮಾವನ ಮೂಗಿನ ಮುಂದೆ ಕೈ ಬೀಸಿಯೇ ಹೇಳಬೇಕು. "ಗುಜರಿಗಾ? ಯಾವುದು ಗುಜರಿಗೆ?"

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಶೆಡ್ಡಿನಲ್ಲಿ ಅಪ್ಪ ಒಬ್ಬನೇ ಕೊಳವೆ ಜೋಡಿಸಲು ಒದ್ದಾಡುತ್ತಿದ್ದ. ಮಾವ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಅವಸರ ಮಾಡುತ್ತಿದ್ದ. ಅವನ ಬ್ಯಾರನ್ನಿನ ಕೊಳವೆಗಳು ಅವು.

"ಎಲ್ಲಿಗೆ ಹೋಗಿದ್ರಿ?" ಎಂದು ಅಪ್ಪ ಗುಡುಗಿದ. "ಹೇಳಿ ಹೋಗೋದು ಬ್ಯಾಡ್ವಾ? ಒಳಗೆ ಹಿಡಿಯೋರಿಲ್ದೆ ಕೆಲಸ ಎಲ್ಲ ಹಾಳು! ಹೆಂಗಸರು ಮಕ್ಕಳು ಸೇರ್ಕೊಂಡು—"

"ಹಾರ್ತಾ ಐತೆ ಅಪ್ಪ!" ಎಂದಳು ನೀಲಿ.

ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು. ಬಂದದ್ದು ಅದೊಂದೇ.

ಅಪ್ಪ ಸುತ್ತಿಗೆ ಎತ್ತಿದವನು ಹಾಗೇ ನಿಂತ.

ಆಮೇಲೆ ನೀಲಿ ಹೇಳಿದಳು. ಅಜ್ಜಿ ಹೇಳಿದಳು. ಇಬ್ಬರೂ ಒಟ್ಟಿಗೆ ಹೇಳಿದರು. ಅಮೆರಿಕಾ, ಬರ್ಮಾ, ಕೊಡಲಿ, ಬೆಂಗಳೂರು, ಸರ್ದಾರ್ಜಿ, ಮೀನಿನವರ ದೋಣಿ.

"ಯಾರೋ ಏಳಿದ್ರು ಅಂತ ನಂಬ್ಕೊಂಡು ಬಂದ್ರಾ?" ಎಂದ ಮಾವ.

"ಕನ್ನಡ ಓದಾಕೆ ಬಾರ್ದಿರೋ ಉಡುಗ ಕಣಪ್ಪ" ಎಂದಳು ಅಜ್ಜಿ. "ಕಣ್ಣು ಮುಚ್ಕೊಂಡು ನನ್ನ ಎಸ್ರಿನ ಮೇಲೆ ಬೆರಳಾಡಿಸ್ದ. ಮುಂದಿನ ಅಕ್ಷರ ಎಲ್ಲೈತೆ ಅಂತ ಅವನ ಬೆರಳಿಗೆ ಗೊತ್ತಿತ್ತು. ನಿನ್ನ ಬೆರಳಿಗೆ ಗೊತ್ತಾ?"

ಮಾವ ಕೂತಿದ್ದ ಕಲ್ಲಿನ ಮೇಲಿಂದ ಎದ್ದು ನಿಂತ.

ಅಪ್ಪ ಮಾವನ ಕಡೆ ತಿರುಗಲೇ ಇಲ್ಲ. ಇಷ್ಟು ವರ್ಷದ ಜಗಳ ಗೆದ್ದವನ ಮುಖ ಅದಾಗಿರಲಿಲ್ಲ.

"ಹೊರಗಡೆಯಿಂದ ತಗಡು ಕೊಟ್ರಾ?" ಎಂದು ಕೇಳಿದ.

"ಹೂಂ ಅಪ್ಪ. ಭದ್ರ ಮಾಡವ್ರಂತೆ."

"ಕೊಡ್ಲೇಬೇಕಿತ್ತು" ಎಂದ ಅಪ್ಪ. ಆಮೇಲೆ, "ಸರಿಯಾಗೇ ಮಾಡವ್ರೆ" ಎಂದ.

ನೀಲಿ ಅಪ್ಪನ ಮುಖ ನೋಡಿದಳು.

"ಈಗ್ಲೂ ಹಾರ್ತಾ ಐತಾ?" ಎಂದು ಅಪ್ಪ ಮತ್ತೆ ಕೇಳಿದ. ನೀಲಿ ಅದನ್ನು ಮೊದಲೇ ಹೇಳಿದ್ದಳು. ಆದರೂ ಕೇಳಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಮೇಷ್ಟರ ಮುಂದೆ ನಿಂತ ಹುಡುಗ ಕೇಳುವ ಹಾಗೆ ಇತ್ತು. ಇಷ್ಟು ವರ್ಷ "ಹಾರಿರ್ತದೆ" ಎಂದು ಅಪ್ಪ ಅಷ್ಟು ಜೋರಾಗಿ ಯಾಕೆ ಕಿರುಚುತ್ತಿದ್ದ ಎಂದು ನೀಲಿಗೆ ಆಗ ಗೊತ್ತಾಯಿತು. ತನ್ನ ಚುಕ್ಕಿಗಳಿಂದಲೇ ಅದು ಸೀಳಿ ಬಿತ್ತೇನೋ ಎಂಬ ಹೆದರಿಕೆ ಅವನೊಳಗೇ ಇತ್ತು.

"ಹಾರ್ತಾ ಐತೆ ಅಪ್ಪ. ದಿನಾ ಹೋಗಿ ಬತ್ತದೆ."

ಅಪ್ಪ ಸುತ್ತಿಗೆಯನ್ನು ಕೆಳಗಿಟ್ಟ. ಎಸೆಯಲಿಲ್ಲ, ಇಟ್ಟ. ಕೈ ಒರೆಸಿಕೊಂಡು, ಶೆಡ್ಡಿನಿಂದ ಹೊರಗೆ ನಡೆದ.

"ಏ ಗುರುಸ್ವಾಮಿ! ನನ್ನ ಕೊಳವೆ?" ಎಂದು ಮಾವ ಕೂಗಿದ.

ಅಪ್ಪ ತಿರುಗಿ ನೋಡಲಿಲ್ಲ.

ಅಜ್ಜಿ, ಮಾವ, ನೀಲಿ ಮೂವರೂ ಕಾದರು. ಅಜ್ಜಿ ಎಲೆ ಅಡಿಕೆ ಹಾಕಿಕೊಂಡಳು. ಮಾವ ಕೊಳವೆಯನ್ನು ಎತ್ತಿ, ನೀಲಿ ಮತ್ತು ಅಪ್ಪ ಸೇರಿ ಹೊಡೆದಿದ್ದ ರಿವೆಟ್ ಸಾಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಬಿಸಿಲು ಶೆಡ್ಡಿನಿಂದ ಹೊರಗೆ ಸರಿಯಿತು. ಅಪ್ಪ ಬರಲಿಲ್ಲ.

"ಓಗಿ ಕರ್ಕೊಂಡು ಬಾರವ್ವ ನೀಲಿ" ಎಂದ ಮಾವ. ಅವನ ದನಿಯೂ ಮೆತ್ತಗಾಗಿತ್ತು.

ನೀಲಿ ಬೀದಿಗೆ ಓಡಿದಳು. ದೂರದಲ್ಲಿ, ಲಕ್ಷ್ಮಣತೀರ್ಥ ಹೊಳೆಯ ದಾರಿಯಲ್ಲಿ, ಅಪ್ಪ ಒಬ್ಬನೇ ಹೋಗುತ್ತಿದ್ದ. ಹೆಗಲ ಮೇಲಿನ ಟವೆಲು ಜಾರಿ ದಾರಿಯಲ್ಲಿ ಬಿತ್ತು. ಅಪ್ಪ ನಿಲ್ಲಲಿಲ್ಲ. ಅದು ಬಿದ್ದದ್ದೇ ಅವನಿಗೆ ಗೊತ್ತಾಗಲಿಲ್ಲ.

"ಅಪ್ಪಾ" ಎಂದು ಕರೆಯಲು ನೀಲಿ ಬಾಯಿ ತೆರೆದಳು. ಕರೆಯಲಿಲ್ಲ.

ಶೆಡ್ಡಿಗೆ ವಾಪಸ್ ಬಂದು, ಉಳಿದ ರಿವೆಟ್ಟುಗಳನ್ನು ಆರಿಸಿ ಡಬ್ಬಿಗೆ ಹಾಕಿದಳು.

"ಎಲ್ಲೇ ನಿಮ್ಮಪ್ಪ?"

"ಇವತ್ತು ಬರಲ್ಲ ಮಾವ" ಎಂದಳು ನೀಲಿ. "ನೀವು ನಾಳೆ ಬನ್ನಿ."